ಒಂದು ತವರದ ಹೂಜಿ, 49 ಆರೋಪ: ಕೆಪ್ಲರ್‌ನ ತಾಯಿ ಮಾಟಗಾತಿಯಾದದ್ದು ಹೇಗೆ?

ಪ್ರಶ್ನೆ: ಪಿಯುಸಿಯಲ್ಲಿ ಕೆಪ್ಲರ್‌ನ ಮೂರು ನಿಯಮಗಳನ್ನು ಬಾಯಿಪಾಠ ಮಾಡಿದ್ದೆ. ಈಗ ಮಗಳಿಗೆ ಅದೇ ಪಾಠ ಹೇಳಿಕೊಡುತ್ತಿದ್ದೇನೆ. ಅವನ ತಾಯಿಯನ್ನು ಮಾಟಗಾತಿ ಎಂದು ಜೈಲಿಗೆ ಹಾಕಿದ್ದರಂತೆ, ನಿಜವೇ? ಆಕೆ ಗಿಡಮೂಲಿಕೆ ಕೊಡುವ ನಾಟಿ ವೈದ್ಯೆಯಾಗಿದ್ದರು, ಅದಕ್ಕೇ ಚರ್ಚಿಗೆ ಸಿಟ್ಟು ಬಂತು ಅನ್ನುತ್ತಾರೆ, ಹೌದಾ? ಹೆಂಗಸರನ್ನೇ ಯಾಕೆ ಹಿಡಿಯುತ್ತಿದ್ದರು? ನಾನೂರು ವರ್ಷದ ಹಿಂದಿನ ಒಬ್ಬ ಮುದುಕಿಯ ವಿಷಯ ಇತಿಹಾಸಕಾರರಿಗೆ ಇಷ್ಟು ವಿವರವಾಗಿ ಗೊತ್ತಾಗುವುದು ಹೇಗೆ?

ಉತ್ತರ: ನಿಜ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಯೊಹಾನೆಸ್ ಕೆಪ್ಲರ್‌ನ ತಾಯಿ ಕತರೀನಾ ಮೇಲೆ ಮಾಟದ ಆರೋಪ ಬಂದಿತ್ತು. 1615ರಲ್ಲಿ ಶುರುವಾದ ಗಲಾಟೆ 1621ರವರೆಗೆ ಎಳೆಯಿತು. ಕೊನೆಯ 14 ತಿಂಗಳು ಆಕೆ ಸರಪಳಿ ಹಾಕಿಸಿಕೊಂಡು ಸೆರೆಯಲ್ಲಿದ್ದರು. ಆಗ ವಯಸ್ಸು ಎಪ್ಪತ್ತು ದಾಟಿತ್ತು. ಸುಡಲಿಲ್ಲ, ಬಿಡುಗಡೆ ಆಯಿತು. ಆದರೆ ಹೊರಗೆ ಬಂದು ಬದುಕಿದ್ದು ಆರೇ ತಿಂಗಳು.

ನಾಟಿ ವೈದ್ಯೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದನ್ನು ಮೊದಲು ಬಿಟ್ಟುಬಿಡೋಣ. ಕತರೀನಾ ವೈದ್ಯೆಯಲ್ಲ. ಔಷಧಿ ಕೊಟ್ಟು ಹೊಟ್ಟೆ ಹೊರೆದವರೂ ಅಲ್ಲ. ಮನೆಯಲ್ಲಿ ಒಂದಿಷ್ಟು ಸೊಪ್ಪು, ಬೇರು ಇಟ್ಟುಕೊಂಡಿದ್ದರು, ಕೇಳಿದವರಿಗೆ ಕೊಡುತ್ತಿದ್ದರು. ನಮ್ಮ ಅಜ್ಜಿಯರು ದೊಡ್ಡಪತ್ರೆ, ಓಮ, ಬಜೆ ಇಟ್ಟುಕೊಂಡಿದ್ದ ಹಾಗೆ. ಅಜ್ಜಿಯನ್ನು ಯಾರೂ ಡಾಕ್ಟರ್ ಅನ್ನುವುದಿಲ್ಲ ಅಲ್ವಾ? ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಆಕೆ ಬೇರೆ ಯಾರೂ ಮಾಡದ ಯಾವುದನ್ನೂ ಮಾಡಲಿಲ್ಲ. ಊರಿನ ಪ್ರತಿ ಮನೆಯ ಹೆಂಗಸೂ ದಿನಾ ಮಾಡುತ್ತಿದ್ದ ಕೆಲಸಗಳೇ ಒಂದೊಂದಾಗಿ ಅಪರಾಧವಾಗಿ ಕಾಗದಕ್ಕೆ ಇಳಿದವು.

ಯಾರು ಈ ಕತರೀನಾ? ಈಗಿನ ಜರ್ಮನಿಯ ನೈಋತ್ಯ ಭಾಗದಲ್ಲಿ ಆಗ ಡ್ಯೂಕ್ ಒಬ್ಬ ಆಳುತ್ತಿದ್ದ ವುರ್ಟೆಂಬರ್ಗ್ ಎಂಬ ರಾಜ್ಯವಿತ್ತು. ಅಲ್ಲಿ ಲೇಯೊನ್‌ಬೆರ್ಗ್ ಎಂಬ ಸಣ್ಣ ಪಟ್ಟಣ, ಅದರ ಪಕ್ಕದಲ್ಲೇ ಎಲ್ಟಿಂಗೆನ್ ಎಂಬ ಹಳ್ಳಿ. ಆ ಹಳ್ಳಿಯಲ್ಲಿ ಹೋಟೆಲು ನಡೆಸುತ್ತಿದ್ದ ಊರ ಮುಖ್ಯಸ್ಥನ ಮಗಳು ಈಕೆ. ಹುಟ್ಟಿದ್ದು ಸುಮಾರು 1547ರಲ್ಲಿ. 1571ರಲ್ಲಿ ಹೈನ್‌ರಿಷ್ ಕೆಪ್ಲರ್ ಜತೆ ಮದುವೆ. ಅದೇ ವರ್ಷ ಡಿಸೆಂಬರ್ 27ಕ್ಕೆ ಯೊಹಾನೆಸ್ ಹುಟ್ಟಿದ. ಗಂಡ ಕೂಲಿ ಸೈನಿಕ. ದುಡ್ಡು ಕೊಟ್ಟವರ ಪರ ಯುದ್ಧಕ್ಕೆ ಹೋಗುವುದು, ಬರುವುದು, ಮತ್ತೆ ಹೋಗುವುದು. 1580ರ ದಶಕದ ಕೊನೆಗೆ ಹೋದವನು ಮತ್ತೆ ಬರಲೇ ಇಲ್ಲ. ಆಕೆ ಹೊಲ ನೋಡಿಕೊಂಡರು, ಹಸು ಸಾಕಿದರು, ಹುಲ್ಲು ಕೊಯ್ದರು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದರು. ಒಬ್ಬ ಮಗ ಕ್ರಿಸ್ಟೋಫ್ ತವರದ ಪಾತ್ರೆ ಮಾಡುವ ಕುಶಲಕರ್ಮಿ, ಮಗಳು ಮಾರ್ಗರೇಟ ಪಾದ್ರಿಯ ಹೆಂಡತಿ. ದೊಡ್ಡ ಮಗ ಯೊಹಾನೆಸ್, ಜರ್ಮನ್ ರಾಜ್ಯಗಳ ಮೇಲಿದ್ದ ಚಕ್ರವರ್ತಿಯ ಗಣಿತಜ್ಞ. 1577ರಲ್ಲಿ ದೊಡ್ಡ ಧೂಮಕೇತು ಕಾಣಿಸಿಕೊಂಡಾಗ ಐದು ವರ್ಷದ ಯೊಹಾನೆಸ್‌ನನ್ನು ಎತ್ತರದ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ದು ಈ ತಾಯಿಯೇ. ಆತ ಅದನ್ನು ಕೊನೆವರೆಗೆ ಮರೆಯಲಿಲ್ಲ.

ಈಗ ಹೂಜಿಯ ವಿಷಯಕ್ಕೆ ಬರೋಣ.

ಲೇಯೊನ್‌ಬೆರ್ಗ್‌ನಲ್ಲಿ ಕಿಟಕಿಗೆ ಗಾಜು ಕೂರಿಸುವ ಒಬ್ಬನ ಹೆಂಡತಿ, ಊರ್ಸುಲಾ ರೈನ್‌ಬೋಲ್ಡ್. ಮೊದಲು ಕೆಪ್ಲರ್ ಮನೆಗೆ ಬೇಕಾದವಳೇ. ಆಮೇಲೆ ಕ್ರಿಸ್ಟೋಫ್ ಜತೆ ವ್ಯವಹಾರದ ಜಗಳ ಬಂತು, ಮಾತಿಗೆ ಮಾತು ಬೆಳೆಯಿತು. ತಾಯಿ ಮಗನ ಪರ ನಿಂತರು. ಊರ್ಸುಲಾಗೆ ತುಂಬ ದಿನದಿಂದ ಹೊಟ್ಟೆನೋವು, ತಲೆನೋವು ಇತ್ತು, ಯಾವ ಮದ್ದಿಗೂ ಬಗ್ಗುತ್ತಿರಲಿಲ್ಲ. ಆಗ ಆಕೆಗೆ ಒಂದು ನೆನಪು ಬಂತು: ಹಿಂದೊಮ್ಮೆ ಕತರೀನಾ ಮನೆಯಲ್ಲಿ ತವರದ ಹೂಜಿಯಿಂದ ಏನೋ ಕುಡಿದಿದ್ದೆ, ಕಹಿ ಇತ್ತು, ಅವತ್ತಿನಿಂದಲೇ ಈ ನೋವು.

ನಮ್ಮಲ್ಲಿ ‘ಕೈಮದ್ದು ಹಾಕಿದಾರೆ’ ಅನ್ನುವ ಮಾತು ಇದೆಯಲ್ಲ, ಅದನ್ನು ನೆನಪಿಸಿಕೊಂಡರೆ ಈ ಆರೋಪ ತಕ್ಷಣ ಅರ್ಥವಾಗುತ್ತದೆ. ಮದ್ದು ಅಂದರೆ ಔಷಧಿಯೂ ಹೌದು, ಕೆಡುಕು ಮಾಡಲು ಊಟದಲ್ಲಿ ಕಲೆಸಿದ್ದೂ ಹೌದು. ಒಂದೇ ಪದ, ಕೊಟ್ಟ ಕೈಯನ್ನು ನಂಬುತ್ತೀರೋ ಇಲ್ಲವೋ ಅನ್ನುವುದರ ಮೇಲೆ ಅರ್ಥ ತಿರುಗುತ್ತದೆ. ಲೇಯೊನ್‌ಬೆರ್ಗ್‌ನಲ್ಲಿ ಆದದ್ದೂ ಇದೇ. ಮನೆಗೆ ಬಂದವರಿಗೆ ಸೊಪ್ಪು ನೆನೆಸಿದ ವೈನ್ ಕೊಡುವುದು ಸಾಮಾನ್ಯ ಉಪಚಾರ. ಸ್ನೇಹ ಇದ್ದಾಗ ಅದು ಉಪಚಾರ, ಸ್ನೇಹ ಹಳಸಿದ ಮೇಲೆ ಅದೇ ವಿಷ.

ಸುಮ್ನೆ ಬಾಯಿಮಾತಿನಲ್ಲೇ ಉಳಿದಿದ್ದರೆ ಊರ ಗಾಸಿಪ್ ಆಗಿ ಮುಗಿಯುತ್ತಿತ್ತು. ಆದರೆ ಊರ್ಸುಲಾಳ ತಮ್ಮ ಉರ್ಬನ್ ರಾಜಮನೆತನದ ಒಬ್ಬ ಕುಮಾರನಿಗೆ ಕ್ಷೌರಿಕ-ವೈದ್ಯ. ಆ ಕಾಲದಲ್ಲಿ ಗಾಯ ಹೊಲಿಯುವುದು, ರಕ್ತ ತೆಗೆಯುವುದು ಎಲ್ಲ ಕ್ಷೌರಿಕರ ಕೆಲಸ. ಊರಿನ ಆಡಳಿತ ನೋಡುತ್ತಿದ್ದ ಅಧಿಕಾರಿ ಲೂಥೆರುಸ್ ಐನ್‌ಹಾರ್ನ್ ಅವನ ಗೆಳೆಯ. ನಮ್ಮ ಹಳೆ ಮೈಸೂರಿನ ಮಾತಿನಲ್ಲಿ ಹೇಳುವುದಾದರೆ ಅಮಲ್ದಾರ. ಕಂದಾಯವೂ ಅವನದೇ, ಪೊಲೀಸೂ ಅವನೇ, ಮೊದಲ ವಿಚಾರಣೆಯೂ ಅವನದೇ. 1615ರ ಆಗಸ್ಟ್‌ನಲ್ಲಿ ಇಬ್ಬರೂ ಕುಡಿದು ಕತರೀನಾಗೆ ಹೇಳಿ ಕಳಿಸಿದರು. ಒಬ್ಬರೇ ಬಂದರು. ಉರ್ಬನ್ ಕತ್ತಿ ಹಿರಿದು ಎದೆಗೆ ಹಿಡಿದ. ‘ಅಕ್ಕನಿಗೆ ಹಾಕಿದ ಮಾಟ ತೆಗಿ, ಇಲ್ಲದಿದ್ದರೆ ಚುಚ್ಚುತ್ತೇನೆ’ ಎಂದು ಬೆದರಿಸಿದ.

ಒಂದು ಕ್ಷಣ ಆ ಕೋಣೆಯಲ್ಲಿ ನಿಂತು ನೋಡಿ. ಅರವತ್ತೆಂಟು ವರ್ಷದ ಹೆಂಗಸು. ಎದುರಿಗೆ ಕುಡಿದ ಇಬ್ಬರು ಗಂಡಸರು, ಅದರಲ್ಲಿ ಒಬ್ಬ ಸರ್ಕಾರವೇ. ‘ಆಯ್ತು, ತೆಗೀತೀನಿ’ ಅಂತ ಏನೋ ಒಂದು ಮಣಮಣ ಹೇಳಿಬಿಟ್ಟರೆ ಅವತ್ತಿಗೆ ಜೀವ ಉಳಿಯುತ್ತದೆ. ಆದರೆ ಮಾಟ ತೆಗೆಯಲು ಬರುತ್ತದೆ ಅಂದರೆ ಹಾಕಲೂ ಬರುತ್ತದೆ ಎಂದೇ ಲೆಕ್ಕ. ಅದು ತಪ್ಪೊಪ್ಪಿಗೆ ಆಗುತ್ತದೆ. ಕತರೀನಾ ಒಪ್ಪಲಿಲ್ಲ. ನಾನು ಆಕೆಗೆ ಕಾಯಿಲೆ ಕೊಟ್ಟಿಲ್ಲ, ವಾಸಿ ಮಾಡಲೂ ನನಗೆ ಬರುವುದಿಲ್ಲ ಎಂದರು. ಕತ್ತಿಯ ಮೊನೆಯಲ್ಲಿ ಇಷ್ಟು ಸರಿಯಾದ ಉತ್ತರ ಕೊಟ್ಟವರನ್ನು ‘ಅರೆಹುಚ್ಚಿ ಮುದುಕಿ’ ಎಂದು ಬರೆದ ಪುಸ್ತಕಗಳನ್ನು ಓದಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಮನೆಯವರು ಸುಮ್ಮನಿರಲಿಲ್ಲ, ಮಾನನಷ್ಟದ ದಾವೆ ಹೂಡಿದರು. ಅಮಲ್ದಾರನಿಗೆ ಈಗ ಕಷ್ಟಕ್ಕೆ ಬಂತು, ಏಕೆಂದರೆ ಕತ್ತಿಯ ಪ್ರಸಂಗ ಹೊರಬಂದರೆ ಅವನ ಕೆಲಸಕ್ಕೇ ಕುತ್ತು. ದಾವೆ ಮುಂದೆ ಹೋಗುತ್ತಲೇ ಇತ್ತು. 1616ರ ಅಕ್ಟೋಬರ್‌ನಲ್ಲಿ ಇನ್ನೇನು ವಿಚಾರಣೆ ಆಗಬೇಕು ಅನ್ನುವಷ್ಟರಲ್ಲಿ ಇನ್ನೊಂದು ಆಯಿತು. ಇಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದ ಹುಡುಗಿಯರ ಪಕ್ಕದಲ್ಲಿ ಕತರೀನಾ ಹಾದುಹೋದರು. ದಾರಿ ಕಿರಿದು. ಅವರಲ್ಲಿ ಒಬ್ಬ ಹುಡುಗಿ, ಆ ಮುದುಕಿ ನನ್ನ ತೋಳಿಗೆ ಹೊಡೆದಳು, ಕೈ ಜೋಮು ಹಿಡಿದಿದೆ, ಬೆರಳು ಆಡುತ್ತಿಲ್ಲ ಎಂದಳು. ಐನ್‌ಹಾರ್ನ್ ಹುಡುಗಿಯ ಕೈ ನೋಡಿ, ಇದು ಮಾಟಗಾತಿಯ ಹಿಡಿತವೇ ಎಂದು ತೀರ್ಪು ಕೊಟ್ಟುಬಿಟ್ಟ. ಹೆದರಿದ ಕತರೀನಾ ಆಗ ದೊಡ್ಡ ತಪ್ಪು ಮಾಡಿದರು: ಈ ವಿಷಯ ಮೇಲೆ ಬರೆಯಬೇಡಿ, ನನ್ನ ದಾವೆಯನ್ನು ಬೇಗ ಮುಗಿಸಿ ಎಂದು ಅವನಿಗೆ ಬೆಳ್ಳಿಯ ಲೋಟ ಕೊಡಲು ಹೋದರು. ಆ ಕಾಲದಲ್ಲಿ ಅಧಿಕಾರಿಗಳಿಗೆ ಕಾಣಿಕೆ ಹೊಸದೇನಲ್ಲ. ಆದರೆ ಅವನು ಅದನ್ನೂ ಅಪರಾಧ ಎಂದು ಬರೆದುಕೊಂಡ. ದಾವೆ ಹೂಡಿದವರೇ ಆರೋಪಿಯಾದರು.

ಒಂದು ಸಲ ಹೆಸರು ಕೆಟ್ಟ ಮೇಲೆ ಊರಿನ ನೆನಪೇ ಬದಲಾಗುತ್ತದೆ. ಕಾಲು ಊನವಾಗಿದ್ದ ಶಾಲೆ ಮೇಷ್ಟ್ರಿಗೂ ಹತ್ತು ವರ್ಷ ಹಿಂದೆ ಅದೇ ಹೂಜಿಯಿಂದ ಕುಡಿದದ್ದು ನೆನಪಾಯಿತು. ಯಾರದೋ ಹಸು ಒದೆದದ್ದು, ಯಾರದೋ ಕರು ಸತ್ತದ್ದು, ಯಾರದೋ ಮಗು ತೀರಿಕೊಂಡದ್ದು, ಎಲ್ಲದರ ಹಿಂದೆಯೂ ಈಕೆ ಒಂದು ಸಲ ಬಂದು ಹೋಗಿದ್ದರು. ಬಂದೇ ಇರುತ್ತಾರೆ! ಸಣ್ಣ ಊರು, ಹಸು ನೋಡಲು ಬರುತ್ತಾರೆ, ಬಾಣಂತಿ ನೋಡಲು ಬರುತ್ತಾರೆ. ಮಗುವಿಗೆ ಹುಷಾರಿಲ್ಲದಾಗ ತೊಟ್ಟಿಲ ಹತ್ತಿರ ನಿಂತು, ದೇವರೇ ಒಳ್ಳೆಯ ಆರೋಗ್ಯ ಕೊಡು ಎಂದು ಒಂದು ಹಳೆಯ ಹರಕೆಯ ಪದ ಹೇಳುತ್ತಿದ್ದರಂತೆ. ಅದೂ ಪಟ್ಟಿಗೆ ಸೇರಿತು.

1620ರ ಆಗಸ್ಟ್ 7ರ ರಾತ್ರಿ ಮಗಳ ಮನೆಯಲ್ಲಿ ಮಲಗಿದ್ದಾಗ ಹಿಡಿದರು. ಊರವರಿಗೆ ಕಾಣಬಾರದೆಂದು ಬಟ್ಟೆ ಇಡುವ ದೊಡ್ಡ ಮರದ ಪೆಟ್ಟಿಗೆಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಲೇಯೊನ್‌ಬೆರ್ಗ್‌ನಲ್ಲಿ ವಿಚಾರಣೆ ನಡೆದರೆ ನನಗೆ ತಲೆ ಎತ್ತಿ ಓಡಾಡಲು ಆಗುವುದಿಲ್ಲ ಎಂದು ಕ್ರಿಸ್ಟೋಫ್ ಅರ್ಜಿ ಹಾಕಿದ. ಹಾಗಾಗಿ ಗ್ಯೂಗ್ಲಿಂಗೆನ್ ಎಂಬ ಊರಿಗೆ ಸಾಗಿಸಿದರು. ಅಲ್ಲಿ ಸರಪಳಿ, ಇಬ್ಬರು ಕಾವಲುಗಾರರು. ಅವರ ಸಂಬಳ, ಅವರು ಚಳಿಗೆ ಉರಿಸುವ ಸೌದೆಯ ಖರ್ಚು ಎಲ್ಲ ಆಕೆಯದೇ ಆಸ್ತಿಯಿಂದ. ಎಪ್ಪತ್ತಮೂರು ವರ್ಷದ ಮುದುಕಿಯನ್ನು ಕಾಯಲು ಇಬ್ಬರು ಯಾಕೆ, ಅವರ ಸೌದೆಗೇ ಆಸ್ತಿ ಕರಗಿಹೋಗುತ್ತಿದೆ ಎಂದು ಯೊಹಾನೆಸ್ ಜಗಳ ಮಾಡಬೇಕಾಯಿತು.

ಹೌದು, ಆತ ಬಂದಿದ್ದ. ಆಗ ಲಿಂಟ್ಸ್‌ನಲ್ಲಿದ್ದ, ಈಗಿನ ಆಸ್ಟ್ರಿಯಾದಲ್ಲಿ. ಮೂವತ್ತು ವರ್ಷದ ಯುದ್ಧ ಶುರುವಾಗಿತ್ತು, ದಾರಿಯಲ್ಲೆಲ್ಲ ಸೈನ್ಯ. ಹೆಂಡತಿ ಮಕ್ಕಳನ್ನು ರೇಗನ್ಸ್‌ಬುರ್ಗ್‌ನಲ್ಲಿ ಬಿಟ್ಟು, ಕೈಗೆ ಬಂದ ಕೆಲಸವನ್ನೆಲ್ಲ ನಿಲ್ಲಿಸಿ, ಸೆಪ್ಟೆಂಬರ್‌ನಲ್ಲಿ ತಾಯಿಯ ಹತ್ತಿರ ಬಂದ. ಒಂದು ವರ್ಷ ಅಲ್ಲೇ ನಿಂತ. ಗ್ರಹಗಳ ಮೂರನೇ ನಿಯಮ ಸಿಕ್ಕಿದ್ದು 1618ರಲ್ಲಿ, ಇದೇ ಗಲಾಟೆಯ ನಡುವೆ. ನಿಮ್ಮ ಮಗಳಿಗೆ ಆ ನಿಯಮ ಹೇಳಿಕೊಡುವಾಗ ಇದನ್ನೂ ಹೇಳಿ.

ಇಲ್ಲಿ ಕಾನೂನು ಸ್ವಲ್ಪ ತಿಳಿದರೆ ಮುಂದಿನದು ಸ್ಪಷ್ಟವಾಗುತ್ತದೆ. 1532ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಕಾಲದಲ್ಲಿ ‘ಕರೋಲಿನಾ’ ಎಂಬ ದಂಡಸಂಹಿತೆ ಬಂದಿತ್ತು. ಮಾಟದಿಂದ ಹಾನಿ ಮಾಡಿದರೆ ಸುಡಬೇಕು. ಆದರೆ ಶಿಕ್ಷೆಗೆ ಇಬ್ಬರು ಕಣ್ಣಾರೆ ಕಂಡ ಸಾಕ್ಷಿ ಬೇಕು, ಇಲ್ಲವೇ ತಪ್ಪೊಪ್ಪಿಗೆ ಬೇಕು. ಮಾಟಕ್ಕೆ ಕಣ್ಣಾರೆ ಕಂಡ ಸಾಕ್ಷಿ ಎಲ್ಲಿಂದ ಬರಬೇಕು? ಹಾಗಾಗಿ ಎಲ್ಲವೂ ತಪ್ಪೊಪ್ಪಿಗೆಯ ಮೇಲೆ ನಿಂತಿತ್ತು, ತಪ್ಪೊಪ್ಪಿಗೆ ಚಿತ್ರಹಿಂಸೆಯ ಮೇಲೆ. ಚಿತ್ರಹಿಂಸೆ ಕೊಡಲೂ ಸಾಕಷ್ಟು ಅನುಮಾನದ ಕುರುಹು ಇರಬೇಕು, ಕಾನೂನು ಬಲ್ಲವರನ್ನು ಕೇಳಬೇಕು ಎಂದು ಕರೋಲಿನಾ ಹೇಳುತ್ತಿತ್ತು. ಈ ಬಾಗಿಲು ಗಟ್ಟಿಯಾಗಿದ್ದ ಕಡೆ ಜೀವ ಉಳಿಯುತ್ತಿತ್ತು. ಸಡಿಲವಾಗಿದ್ದ ಕಡೆ ಒಬ್ಬಳ ಬಾಯಿಂದ ಹತ್ತು ಹೆಸರು, ಹತ್ತು ಜನರಿಂದ ನೂರು ಹೆಸರು ಬರುತ್ತಿತ್ತು. ಹತ್ತಿರದ ಎಲ್‌ವಾಂಗೆನ್‌ನಲ್ಲಿ 1611ರಿಂದ 1618ರೊಳಗೆ ಸುಮಾರು 400 ಜನರನ್ನು ಕೊಂದದ್ದು ಹೀಗೆಯೇ.

ಯೊಹಾನೆಸ್‌ಗೆ ಇದು ಗೊತ್ತಿತ್ತು. ತಾಯಿಯನ್ನು ಚಿತ್ರಹಿಂಸೆಯ ಕೋಣೆಗೆ ಹೋಗದಂತೆ ತಡೆಯುವುದೇ ಅವನ ಗುರಿ. ಎಲ್ಲವೂ ಬರಹದಲ್ಲೇ ಆಗಬೇಕೆಂದು ಹಟ ಹಿಡಿದ, ಏಕೆಂದರೆ ಬರಹವಾದರೆ ಮೇಲಿನವರು ಓದುತ್ತಾರೆ. ಅತ್ತ ಕಡೆಯಿಂದ 49 ಆರೋಪಗಳು ಬಂದವು. ಇತ್ತ ಕಡೆಯಿಂದ ಕೊನೆಗೆ ಹೋದ ಉತ್ತರ 128 ಪುಟ, ಬಹುಪಾಲು ಅವನದೇ ಕೈಬರಹ. ಅವನು ಮಾಡಿದ್ದು ಖಗೋಳದಲ್ಲಿ ಮಾಡುತ್ತಿದ್ದ ಕೆಲಸವನ್ನೇ: ಪ್ರತಿ ಹೇಳಿಕೆಯ ದಿನಾಂಕ ತೆಗೆದು ಇನ್ನೊಂದರ ಪಕ್ಕ ಇಟ್ಟ. ಕಾಯಿಲೆ ಮೊದಲು ಬಂತೋ, ಹೂಜಿ ಮೊದಲು ಬಂತೋ? ಹುಡುಗಿಯ ಕೈ ನೋಯುತ್ತಿದ್ದುದು ಭಾರದ ಇಟ್ಟಿಗೆ ಹೊತ್ತದ್ದಕ್ಕೆ ಎಂದು ತೋರಿಸಿದ, ಅದು ಕೆಲವು ದಿನಕ್ಕೆ ತಾನೇ ವಾಸಿಯೂ ಆಗಿತ್ತು. ಮೇಷ್ಟ್ರು ಕಾಲು ಕೆಡಿಸಿಕೊಂಡದ್ದು ಹಳ್ಳ ದಾಟಲು ಹಾರಿದಾಗ. ಇದೆಲ್ಲ ಚೆನ್ನಾಗಿದೆ.

ಆದರೆ ಅವನನ್ನು ದೇವರು ಮಾಡುವುದು ಬೇಡ. ಮಾಟಗಾತಿಯರೇ ಇಲ್ಲ ಎಂದು ಅವನು ಎಲ್ಲೂ ಬರೆಯಲಿಲ್ಲ. ಇದ್ದಾರೆ, ನನ್ನ ತಾಯಿ ಅಲ್ಲ, ಅಷ್ಟೇ. ಇನ್ನೊಂದು ಮಾತು ಓದುವಾಗ ನನಗೆ ಕಸಿವಿಸಿ ಆಗುತ್ತದೆ. ಊರ್ಸುಲಾಳ ಮಾತನ್ನು ಮುರಿಯಲು ಅವನು ಆಕೆಯ ನಡತೆಯನ್ನೇ ಹಿಡಿದ. ಮದುವೆಗೆ ಮುಂಚೆ ಹೀಗಿದ್ದಳು, ಹಾಗಿದ್ದಳು, ಆಗ ತೆಗೆದುಕೊಂಡ ಕಟು ಔಷಧಿಗಳಿಂದಲೇ ಈ ಕಾಯಿಲೆ ಎಂದ. ಒಬ್ಬ ಹೆಂಗಸನ್ನು ಉಳಿಸಲು ಇನ್ನೊಬ್ಬ ಹೆಂಗಸಿನ ಮಾನವನ್ನು ಬೀದಿಗೆ ತಂದ. ಆ ನ್ಯಾಯಾಲಯದಲ್ಲಿ ಎರಡೂ ಕಡೆಯವರಿಗೆ ಸಿಕ್ಕ ಅತಿ ಹರಿತವಾದ ಆಯುಧ ಒಂದೇ ಆಗಿತ್ತು: ಹೆಂಗಸಿನ ಹೆಸರು.

ಹೆಂಗಸರನ್ನೇ ಯಾಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಕರೋಲಿನಾ ಪ್ರಕಾರ ‘ಕೆಟ್ಟ ಹೆಸರು’ ಅನ್ನುವುದೇ ಅನುಮಾನಕ್ಕೆ ಒಂದು ಕುರುಹು. ಈಗ ಕನ್ನಡದಲ್ಲೇ ಯೋಚಿಸಿ. ಗಯ್ಯಾಳಿ, ಬಜಾರಿ. ಈ ಪದಗಳಿಗೆ ಗಂಡಸರ ರೂಪ ಹುಡುಕಿ ನೋಡಿ, ಥಟ್ಟನೆ ಸಿಗುವುದಿಲ್ಲ. ಜೋರಾಗಿ ಮಾತಾಡುವ ಗಂಡಸು ಖಡಕ್ ಮನುಷ್ಯ, ಹೆಂಗಸು ಗಯ್ಯಾಳಿ. ಜರ್ಮನ್ ಊರುಗಳಲ್ಲೂ ಹಾಗೇ ಇತ್ತು. ವ್ಯತ್ಯಾಸ ಏನೆಂದರೆ, ಅಲ್ಲಿ ಆ ಬೈಗುಳ ಕೋರ್ಟಿನಲ್ಲಿ ಸಾಕ್ಷಿಯಾಗಿ ನಡೆಯುತ್ತಿತ್ತು. ಗಂಡ ಬಿಟ್ಟುಹೋದ ಮೇಲೆ ಕತರೀನಾ ತಮ್ಮ ಹೊಲ, ಸಾಲ, ಬಾಕಿ ತಾವೇ ನೋಡಿಕೊಂಡವರು. ಜನರ ಜತೆ ಜೋರಾಗಿ ಮಾತಾಡದೆ ಅದು ಆಗುತ್ತದೆಯೇ? ಅಷ್ಟಾದರೂ ಕೋರ್ಟಿನಲ್ಲಿ ನಿಲ್ಲಲು ಹೆಂಗಸಿಗೆ ಒಬ್ಬ ಗಂಡಸು ಪೋಷಕನಾಗಿ ಬೇಕಿತ್ತು.

ಯುರೋಪಿನಲ್ಲಿ ಸುಮಾರು 40,000ದಿಂದ 60,000 ಜನರನ್ನು ಮಾಟದ ಆರೋಪದ ಮೇಲೆ ಕೊಂದರು ಎಂದು ಇತಿಹಾಸಕಾರರ ಅಂದಾಜು. ಲಕ್ಷಗಟ್ಟಲೆ ಎನ್ನುವ ಮಾತನ್ನು ನಂಬಬೇಡಿ. ನಾಲ್ಕರಲ್ಲಿ ಮೂರು ಜನ ಹೆಂಗಸರು. ಇದು ಎಲ್ಲ ಕಡೆಯೂ ಒಂದೇ ಥರ ಇರಲಿಲ್ಲ. ಐಸ್‌ಲ್ಯಾಂಡಿನಲ್ಲಿ ಹೆಚ್ಚುಕಮ್ಮಿ ಎಲ್ಲರೂ ಗಂಡಸರು. ಫ್ರಾನ್ಸಿನ ನಾರ್ಮಂಡಿಯಲ್ಲಿ ಕುರಿ ಕಾಯುವ ಗಂಡಸರು ಜಾಸ್ತಿ ಸಿಕ್ಕಿಬಿದ್ದರು. ಮಾಟ ಎಂದರೆ ಆ ಊರಿನವರಿಗೆ ಯಾವ ಕೆಲಸ ನೆನಪಾಗುತ್ತಿತ್ತೋ, ಆ ಕೆಲಸ ಮಾಡುವವರ ಮೇಲೆ ಬೆರಳು ಹೋಗುತ್ತಿತ್ತು. ಜರ್ಮನ್ ಪಟ್ಟಣದಲ್ಲಿ ಅದು ಅಡುಗೆ, ಹಾಲು, ಹೆರಿಗೆ, ರೋಗಿಯ ಆರೈಕೆ. ಎಲ್ಲವೂ ಹೆಂಗಸರ ಕೈಯಲ್ಲಿದ್ದದ್ದೇ. ಆರೋಪ ಹೊರಿಸಿದವರಲ್ಲೂ ಹೆಂಗಸರು ಇದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಊರ್ಸುಲಾ ನಿಜವಾಗಿಯೂ ನೋವಿನಲ್ಲಿದ್ದಳು. ಆಕೆಯ ನೋವಿಗೆ ಆ ಕಾಲದ ವೈದ್ಯರ ಹತ್ತಿರ ಹೆಸರಿರಲಿಲ್ಲ, ನೆರೆಮನೆಯವಳ ಹೆಸರು ಮಾತ್ರ ಸಿಕ್ಕಿತು.

ಮಾಟ ಒಂದೇ ಅಲ್ಲ. ಅದೇ ಕಾನೂನಿನ ಇನ್ನೊಂದು ಪುಟ ತೆಗೆದರೆ ಶಿಶುಹತ್ಯೆ ಬರುತ್ತದೆ. ಮದುವೆಯಾಗದ ಹುಡುಗಿ, ಹೆಚ್ಚಾಗಿ ಮನೆಗೆಲಸದವಳು, ಗುಟ್ಟಾಗಿ ಹೆತ್ತು ಮಗು ಸತ್ತಿದ್ದರೆ ಅವಳಿಗೆ ಮರಣದಂಡನೆ. ಅನುಮಾನ ಬಂದರೆ ಹುಡುಗಿಯ ಎದೆ ಹಿಂಡಿ ಹಾಲಿದೆಯೇ ಎಂದು ಪರೀಕ್ಷೆ ಮಾಡಬಹುದೆಂದು ಕರೋಲಿನಾದಲ್ಲೇ ಬರೆದಿದೆ. ಮಗುವಿನ ತಂದೆಯನ್ನು ಹುಡುಕಲು ಇಷ್ಟು ಕಾಳಜಿ ಎಲ್ಲೂ ಕಾಣುವುದಿಲ್ಲ. ಫ್ರಾನ್ಸಿನಲ್ಲಿ 1556ರಲ್ಲಿ, ಇಂಗ್ಲೆಂಡಿನಲ್ಲಿ 1624ರಲ್ಲಿ ಬಂದ ಕಾನೂನುಗಳು ಇನ್ನೂ ಮುಂದೆ ಹೋದವು. ಬಸಿರು, ಹೆರಿಗೆಯನ್ನು ಮುಚ್ಚಿಟ್ಟು ಮಗು ಸತ್ತಿದ್ದರೆ ಕೊಲೆಯೇ ಎಂದು ಹಿಡಿಯುವುದು, ಅಲ್ಲ ಎಂದು ತೋರಿಸುವ ಹೊರೆ ತಾಯಿಯದು. ಹೆಂಗಸಿನ ಮೈಯೇ ಅವಳ ವಿರುದ್ಧ ಸಾಕ್ಷಿ ಹೇಳುತ್ತದೆ ಎಂಬ ನಂಬಿಕೆ ಎರಡೂ ಅಪರಾಧಗಳ ಬುಡದಲ್ಲಿದೆ.

ಕತರೀನಾ ವಿಚಾರಣೆಯಲ್ಲೂ ಆ ನಂಬಿಕೆ ಕೆಲಸ ಮಾಡಿತು. ಮಾಟಗಾತಿಗೆ ಕಣ್ಣೀರು ಬರುವುದಿಲ್ಲ ಎಂಬುದು ಆಗಿನ ಮಾತು. ಸಾಕ್ಷಿಗಳು ಹೇಳಿಕೆ ಕೊಡುವಾಗ, ಧರ್ಮಗ್ರಂಥದ ಮಾತು ಹೇಳಿ ಬುದ್ಧಿ ಹೇಳಿದಾಗ ಈಕೆ ಅಳಲಿಲ್ಲ ಎಂದು ಬರೆದುಕೊಂಡರು. ಯಾಕೆ ಅಳಲಿಲ್ಲ ಎಂದು ಕೇಳಿದರು. ಬದುಕಿನಲ್ಲಿ ಅಷ್ಟು ಅತ್ತಿದ್ದೇನೆ, ಇನ್ನು ಕಣ್ಣೀರು ಉಳಿದಿಲ್ಲ ಎಂದರು ಕತರೀನಾ. ಆ ಉತ್ತರವೂ ಕಡತದಲ್ಲಿದೆ.

ಇನ್ನು ಚರ್ಚಿನ ಮಾತು. ‘ಚರ್ಚು ಮಾಡಿಸಿತು’ ಎಂದರೆ ಅರ್ಧಕ್ಕಿಂತ ಕಡಿಮೆ ಸತ್ಯ. ಕತರೀನಾ ಮೇಲೆ ವಿಚಾರಣೆ ಮಾಡಿದ್ದು ಡ್ಯೂಕನ ನ್ಯಾಯಾಲಯ. ಆ ಸಮಯದಲ್ಲಿ ಸ್ಪೇನಿನ ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹದ ವಿಚಾರಣೆ ಮಾಡುವ ಚರ್ಚಿನ ನ್ಯಾಯಾಲಯ, ಉಲ್ಟಾ ದಿಕ್ಕಿಗೆ ಹೊರಟಿತ್ತು. 1610ರಲ್ಲಿ ಲೋಗ್ರೋನ್ಯೊದಲ್ಲಿ ಆರು ಜನರನ್ನು ಸುಟ್ಟ ಮೇಲೆ, ಸಲಾಸಾರ್ ಎಂಬ ವಿಚಾರಕ ಹಳ್ಳಿ ಹಳ್ಳಿ ತಿರುಗಿ ಪರೀಕ್ಷೆ ಮಾಡಿ, ಯಾವುದಕ್ಕೂ ಆಧಾರವಿಲ್ಲ, ಜನ ಮಾತಾಡಲು ಶುರು ಮಾಡಿದ ಮೇಲೆಯೇ ಮಾಟಗಾತಿಯರು ಹುಟ್ಟಿದ್ದು ಎಂದು ವರದಿ ಕೊಟ್ಟ. 1614ರಲ್ಲಿ ಅಲ್ಲಿ ಬಿಗಿಯಾದ ನಿಯಮಗಳು ಬಂದವು.

ವುರ್ಟೆಂಬರ್ಗ್ 1534ರಿಂದ ಲೂಥರನ್ ರಾಜ್ಯ, ಅಂದರೆ ಪೋಪನನ್ನು ಬಿಟ್ಟು ಮಾರ್ಟಿನ್ ಲೂಥರ್‌ನ ಹೊಸ ಪಂಥ ಹಿಡಿದದ್ದು. ಅಲ್ಲಿನ ಚರ್ಚನ್ನು ಕಟ್ಟಿದ ಯೊಹಾನೆಸ್ ಬ್ರೆಂಟ್ಸ್ 1539ರಲ್ಲೇ ಆಲಿಕಲ್ಲಿನ ಬಗ್ಗೆ ಪ್ರವಚನ ಮಾಡಿ, ಆಲಿಕಲ್ಲು ಮಳೆ ತರುವುದು ದೇವರು, ಯಾವ ಮುದುಕಿಯೂ ಅಲ್ಲ ಎಂದಿದ್ದ. ಆ ಪಾಠ ರಾಜ್ಯದ ಅಧಿಕಾರಿಗಳ ತಲೆಯಲ್ಲಿ ಉಳಿದಿತ್ತು, ಅದರಿಂದ ಎಷ್ಟೋ ಜೀವ ಉಳಿಯಿತು ಎನ್ನಬಹುದು. ಆದರೆ ಅದೇ ಬ್ರೆಂಟ್ಸ್, ಮಾಟ ಮಾಡುವ ಮನಸ್ಸಿದ್ದರೂ ಶಿಕ್ಷೆ ಸರಿ ಎನ್ನುತ್ತಿದ್ದ. ಲೂಥರನ್ನರಿಗೆ ಹಳೆಯ ಹರಕೆ, ಮಂತ್ರ, ತೊಟ್ಟಿಲ ಬಳಿ ಹೇಳುವ ಪದ ಎಲ್ಲ ಮೂಢನಂಬಿಕೆ. ಜನ ಮಾತ್ರ ಅದನ್ನು ಬಿಟ್ಟಿರಲಿಲ್ಲ. ಕತರೀನಾ ಹೇಳಿದ್ದು ದೇವರ ಹೆಸರೇ, ಆದರೆ ಹೇಳಿದ ರೀತಿ ಹೊಸ ಧರ್ಮಕ್ಕೆ ಒಪ್ಪುವಂಥದ್ದಲ್ಲ.

ಇನ್ನೊಂದು ವಿಚಿತ್ರ ಆರೋಪವೂ ಇತ್ತು. ಎಲ್ಟಿಂಗೆನ್‌ನ ಸ್ಮಶಾನದಲ್ಲಿ ಗುಂಡಿ ತೋಡುವವನ ಹತ್ತಿರ ಆಕೆ ತಮ್ಮ ತಂದೆಯ ತಲೆಬುರುಡೆ ಕೇಳಿದ್ದರು. ಬೆಳ್ಳಿ ಕಟ್ಟಿಸಿ ಮಗ ಯೊಹಾನೆಸ್‌ಗೆ ಲೋಟ ಮಾಡಿಸಲು. ಇದು ಸುಳ್ಳು ಅಲ್ಲ, ಆಕೆಯೇ ಒಪ್ಪಿಕೊಂಡರು. ಹಿಂದಿನ ಕಾಲದವರು ಹೆತ್ತವರ ತಲೆಬುರುಡೆಯಲ್ಲಿ ಕುಡಿಯುತ್ತಿದ್ದರು ಎಂದು ಪಾದ್ರಿಯ ಪ್ರವಚನದಲ್ಲೇ ಕೇಳಿದ್ದೆ ಎಂದರು. ಪುಸ್ತಕ ಓದಲು ಬಾರದ ಒಬ್ಬ ಹೆಂಗಸು ಚರ್ಚಿನ ಬೆಂಚಿನಲ್ಲಿ ಕೂತು ಕೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು, ದೊಡ್ಡ ವಿದ್ವಾಂಸನಾದ ಮಗನಿಗೆ ಒಂದು ಅಪರೂಪದ ಉಡುಗೊರೆ ಕೊಡಬೇಕೆಂದುಕೊಂಡರು. ಆ ಮಗನಿಗೂ ಧರ್ಮದ ಕಾಟ ತಪ್ಪಿರಲಿಲ್ಲ. ಲೂಥರನ್ನರ ಒಪ್ಪಂದ ಪತ್ರಕ್ಕೆ ಪೂರ್ತಿ ಸಹಿ ಹಾಕಲು ಒಪ್ಪದ್ದಕ್ಕೆ 1612ರಿಂದ ಲಿಂಟ್ಸ್‌ನಲ್ಲಿ ಅವನಿಗೆ ಪ್ರಭುವಿನ ಭೋಜನ ಸಂಸ್ಕಾರ, ಅಂದರೆ ಚರ್ಚಿನಲ್ಲಿ ಕೊಡುವ ರೊಟ್ಟಿ-ವೈನಿನ ಪ್ರಸಾದ, ನಿರಾಕರಿಸಿದ್ದರು.

ನಾನೂರು ವರ್ಷದ ಹಿಂದಿನದು ನಮಗೆ ಗೊತ್ತಾಗುವುದು ಹೇಗೆ ಎಂದು ಕೇಳಿದ್ದೀರಿ. ವಿಚಾರಣೆ ಬರಹದಲ್ಲಿ ನಡೆದದ್ದರಿಂದ. ಸಾಕ್ಷಿಗಳ ಹೇಳಿಕೆ, ಅರ್ಜಿ, ಅಮಲ್ದಾರನ ಪತ್ರ, ಎಲ್ಲ ಕಟ್ಟುಕಟ್ಟಾಗಿ ಶ್ಟುಟ್‌ಗಾರ್ಟ್‌ನ ರಾಜ್ಯ ದಫ್ತರದಲ್ಲಿ ಉಳಿದಿವೆ. ಕೇಂಬ್ರಿಜ್‌ನಲ್ಲಿ ಪಾಠ ಮಾಡುವ ಜರ್ಮನ್ ಇತಿಹಾಸಕಾರ್ತಿ ಉಲಿಂಕಾ ರುಬ್ಲಾಕ್ ಇವನ್ನು ಮತ್ತೆ ಮೊದಲಿನಿಂದ ಓದಿ 2015ರಲ್ಲಿ ಈ ಪ್ರಕರಣದ ಬಗ್ಗೆ ಬರೆದರು. ಅದಕ್ಕೂ ಮೊದಲು ಅವರು ಆ ಕಾಲದ ಜರ್ಮನ್ ಹೆಂಗಸರ ಮೇಲಿನ ಅಪರಾಧ ಪ್ರಕರಣಗಳನ್ನೇ ಅಧ್ಯಯನ ಮಾಡಿದ್ದವರು. ಈ ಥರದ ಕಡತ ಓದುವುದು ಕಷ್ಟದ ಕೆಲಸ. ಬರೆದವನು ಗುಮಾಸ್ತ, ಬರೆಸಿದವನು ಆರೋಪ ಹೊರಿಸಿದವನು. ಹೆಂಗಸಿನ ಮಾತು ನಮಗೆ ಸಿಗುವುದು ಅವರ ಲೇಖನಿಯ ತುದಿಯಿಂದ. ಆದರೂ ಆ ಲೇಖನಿ ಕೆಲವು ಸಲ ತನ್ನನ್ನೇ ತೋರಿಸಿಕೊಡುತ್ತದೆ. ಒಂದು ದಿನ ಗುಮಾಸ್ತ ಹೀಗೆ ಬರೆದಿದ್ದಾನೆ: ಸೆರೆಯಾಳು ಬಂದಳು, ‘ದುರದೃಷ್ಟಕ್ಕೆ’ ತನ್ನ ಮಗ, ಗಣಿತಜ್ಞ ಯೊಹಾನೆಸ್ ಕೆಪ್ಲರ್‌ನ ಸಹಾಯದೊಂದಿಗೆ. ಆ ಒಂದು ಪದ ನೋಡಿ. ತೀರ್ಪು ಮೊದಲೇ ಆಗಿತ್ತು, ಮಗ ಬಂದು ಅಡ್ಡ ನಿಂತ ಎನ್ನುವುದು ಅದರಲ್ಲೇ ಇದೆ.

ಉಲ್ಟಾ ಆಗುವುದೂ ಇದೆ. 1597ರ ಹೊತ್ತಿಗೆ ಯುವಕ ಯೊಹಾನೆಸ್ ಮನೆಯವರ ಜಾತಕ ಬರೆಯುತ್ತಾ, ತಾಯಿ ಗಿಡ್ಡ, ತೆಳು, ಕಪ್ಪು, ಬಾಯಾಳಿ, ಜಗಳಗಂಟಿ ಎಂದು ಗುರುತು ಹಾಕಿಕೊಂಡಿದ್ದ. ತನ್ನ ಬಗ್ಗೆಯೂ ಅಷ್ಟೇ ಕಟುವಾಗಿ ಬರೆದುಕೊಂಡಿದ್ದ. ಆಮೇಲಿನ ಜೀವನಚರಿತ್ರೆಕಾರರು ಆ ಒಂದು ಸಾಲನ್ನು ಹಿಡಿದು, ಅಮಲ್ದಾರನ ಕಡತವನ್ನೂ ಸೇರಿಸಿ ಒಂದು ಕುರೂಪಿ ಮುದುಕಿಯನ್ನು ಮಾಡಿಬಿಟ್ಟರು. ಮಗ ನಂತರ ಬರೆದ 128 ಪುಟ ಅವರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ.

ಆ ಪುಟಗಳು ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಕಾನೂನು ಪಂಡಿತರ ಹತ್ತಿರ ಹೋದವು. ಚಿತ್ರಹಿಂಸೆಗೆ ಆಧಾರ ಸಾಲದು, ಆದರೆ ಅನುಮಾನ ಪೂರ್ತಿ ಹೋಗಿಲ್ಲ, ಆಯುಧಗಳನ್ನು ತೋರಿಸಿ ಹೆದರಿಸಿ ನೋಡಿ ಎಂದರು. 1621ರ ಸೆಪ್ಟೆಂಬರ್ 28ರಂದು ಗ್ಯೂಗ್ಲಿಂಗೆನ್‌ನಲ್ಲಿ ಆಕೆಯನ್ನು ಆ ಕೋಣೆಗೆ ಕರೆದುಕೊಂಡು ಹೋದರು. ಆಯುಧಗಳನ್ನು ಮುಂದೆ ಇಟ್ಟು, ತಪ್ಪು ಒಪ್ಪಿಕೋ ಎಂದು ಗದರಿಸಿದರು. ಇದು ಬರೀ ಹೆದರಿಕೆ ಎಂದು ಆಕೆಗೆ ಹೇಳಿರಲಿಲ್ಲ. ಮೈಯಿಂದ ನರ ಒಂದೊಂದಾಗಿ ಕಿತ್ತರೂ ಒಪ್ಪಿಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ ಎಂದರು ಕತರೀನಾ. ಮಂಡಿಯೂರಿ ಪ್ರಾರ್ಥನೆ ಹೇಳಿದರು. ಸತ್ಯ ಏನೆಂದು ದೇವರು ತೋರಿಸುತ್ತಾನೆ ಎಂದರು. ಕೆಲವೇ ದಿನಗಳಲ್ಲಿ ಬಿಟ್ಟರು. ಲೇಯೊನ್‌ಬೆರ್ಗ್‌ಗೆ ಕಾಲಿಟ್ಟರೆ ಕೊಲ್ಲುತ್ತೇವೆ ಎಂದು ಊರವರು ಹೇಳಿದ್ದರು. 1622ರ ಏಪ್ರಿಲ್ 13ರಂದು ತೀರಿಕೊಂಡರು.

ಐನ್‌ಹಾರ್ನ್ 1629ರವರೆಗೆ ಅಮಲ್ದಾರನಾಗಿಯೇ ಇದ್ದ. ಅವನ ಕಾಲದಲ್ಲಿ ಒಟ್ಟು 15 ಹೆಂಗಸರ ಮೇಲೆ ಆರೋಪ ಬಂತು, ಎಂಟು ಜನರನ್ನು ಕೊಂದರು. ಅವರಿಗೆ ಗಣಿತಜ್ಞ ಮಗ ಇರಲಿಲ್ಲ.

ಯೊಹಾನೆಸ್ ಬಗ್ಗೆ ಇನ್ನೊಂದು ವಿಷಯ ಉಳಿದಿದೆ. 1609ರ ಸುಮಾರಿಗೆ ಅವನು ‘ಸೋಮ್ನಿಯಂ’ ಎಂಬ ಚಂದ್ರಯಾನದ ಕಥೆ ಬರೆದಿದ್ದ. ಅದರಲ್ಲಿ ನಾಯಕನ ತಾಯಿ ಸೊಪ್ಪಿನ ಗಂಟು ಮಾರುವವಳು, ಭೂತಗಳ ಜತೆ ಮಾತಾಡಬಲ್ಲವಳು. ಕೈಬರಹದ ಪ್ರತಿ ಕೈಯಿಂದ ಕೈಗೆ ಹೋಗಿ, ಕ್ಷೌರದ ಅಂಗಡಿಗಳಲ್ಲಿ ಹರಟೆಯಾಗಿ, ತನ್ನ ತಾಯಿಗೇ ಮುಳುವಾಯಿತೇನೋ ಎಂಬ ಕೊರಗು ಅವನಿಗೆ ಕಡೆಗೂ ಹೋಗಲಿಲ್ಲ. ಆ 49 ಆರೋಪಗಳಲ್ಲಿ ಈ ಕಥೆಯ ಸುಳಿವೇ ಇಲ್ಲ. ಆದರೂ ತಾಯಿ ಹೋದ ಮೇಲೆ ಅವನು ಆ ಪುಟ್ಟ ಕಥೆಗೆ ಅಡಿಟಿಪ್ಪಣಿ ಬರೆಯುತ್ತಾ ಕೂತ. ಇದು ಬರೀ ಕಲ್ಪನೆ, ಇದು ಖಗೋಳ, ಇದು ತಮಾಷೆಗೆ ಬರೆದದ್ದು ಎಂದು ಒಂದೊಂದು ಸಾಲಿಗೂ ವಿವರಣೆ ಕೊಟ್ಟ. 1630ರಲ್ಲಿ ತಾನು ಸಾಯುವ ಹೊತ್ತಿಗೆ ಟಿಪ್ಪಣಿಗಳು 223 ಆಗಿದ್ದವು, ಕಥೆಗಿಂತಲೂ ಉದ್ದ.